ಸಾಣೆಕಲ್ಲಿನಿಂದ ಡಬ್ಬಿಗೆ

ನಾಸಿಕದಿಂದ ಪುಣೆಯ ಹೆದ್ದಾರಿ ಹಿಡಿದರೆ ಸುಮಾರು 30 ಕಿಲೋಮೀಟರಿಗೆ ಸಿನ್ನರ್ ಸಿಗುತ್ತದೆ. ಕನ್ನಡಿಗರಿಗೆ ಇದು ಹೊರಗಿನ ಊರಲ್ಲ. ದೇವಗಿರಿಗೆ ಹೋಗುವ ಮುಂಚೆ ಸೇವುಣರು ಬೇರುಬಿಟ್ಟ ಸೀಮೆ ಇದು. ಸೇವುಣಚಂದ್ರ ಕಟ್ಟಿಸಿದ ಸೇವುಣಪುರವನ್ನು ಹಲವು ವಿದ್ವಾಂಸರು ಸಿನ್ನರ್ ಜೊತೆಗೆ ಗುರುತಿಸುತ್ತಾರೆ. ಮೊದಲು ರಾಷ್ಟ್ರಕೂಟರಿಗೆ, ಆಮೇಲೆ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಈ ಮನೆತನ 1187ರ ಸುಮಾರಿಗೆ ಐದನೆಯ ಭಿಲ್ಲಮನ ಕಾಲದಲ್ಲಿ ಸ್ವತಂತ್ರವಾಯಿತು. ಅವರ ಕನ್ನಡ ಶಾಸನಗಳು ನೂರಾರಿವೆ. ಊರಿನ ಗೊಂಡೇಶ್ವರ ದೇವಾಲಯ ಆ ಕಾಲದ ಉಳಿಕೆ: ಕಪ್ಪು ಬಸಾಲ್ಟ್ ಕಲ್ಲು, ಭೂಮಿಜ ಶೈಲಿಯ ಶಿಖರ, ನಡುವಿನ ದೊಡ್ಡ ಗುಡಿಯ ಸುತ್ತ ನಾಲ್ಕು ಚಿಕ್ಕ ಗುಡಿಗಳು. ಬಹುಕಾಲ ಬೀಡಿ ಕಟ್ಟುವ ಊರೆಂದೇ ಹೆಸರಾಗಿದ್ದ ಸಿನ್ನರ್ ಸುತ್ತ ಇವತ್ತು ಮುಸಳಗಾಂವ್ ಮತ್ತು ಮಾಳೇಗಾಂವ್ ಕೈಗಾರಿಕಾ ವಸಾಹತುಗಳಿವೆ. ಅಲ್ಲಿನ ಶೆಡ್ಡುಗಳಲ್ಲಿ ಲೇತುಗಳು ಉಕ್ಕು ಕಡೆಯುತ್ತವೆ. ಗುಡಿ ಕಟ್ಟಿದವನಿಗೂ ಶೆಡ್ಡಿನಲ್ಲಿ ನಿಂತವನಿಗೂ ನಡುವೆ ಎಂಟುನೂರು ವರ್ಷಗಳ ಅಂತರವಿದ್ದರೂ ಇಬ್ಬರೂ ಎದುರಿಸಿದ ಪ್ರಶ್ನೆ ಒಂದೇ: ಈ ವಸ್ತುವಿಗೆ ಎಂಥ ಮೊನೆ?

ಸೇವುಣರ ಎದುರಾಳಿಗಳಾಗಿದ್ದ ಹೊಯ್ಸಳರ ಗುಡಿಗಳನ್ನು ಗೊಂಡೇಶ್ವರದ ಪಕ್ಕದಲ್ಲಿ ನೆನೆದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ಬಳಸಿದ್ದು ಬಳಪದ ಕಲ್ಲಿನ ಜಾತಿಯ ಮೆತ್ತನೆಯ ಶಿಲೆ. ತೆಳ್ಳಗೆ ಸಾಣೆ ಹಿಡಿದ ಉಳಿಗೆ ಅದು ಬಗ್ಗುತ್ತದೆ. ಹಾಗಾಗಿ ಕೊರಳ ಹಾರದ ಒಂದೊಂದು ಮಣಿಯೂ ಬಿಡಿಸಿಕೊಂಡು ನಿಲ್ಲುತ್ತದೆ. ಆ ಕಲ್ಲನ್ನು ನಮ್ಮ ಶಿಲ್ಪಿಗಳು ತಿರುಗಿಸಿ ಕಡೆಯುತ್ತಲೂ ಇದ್ದರು. ಕನ್ನಡ ನಾಡಿನ ಚಾಲುಕ್ಯ ಮತ್ತು ಹೊಯ್ಸಳ ಗುಡಿಗಳ ನುಣುಪು ಕಂಬಗಳನ್ನು ಇವತ್ತಿಗೂ ಕಡೆದ ಕಂಬಗಳೆಂದೇ ಕರೆಯುತ್ತೇವೆ. ಬಸಾಲ್ಟಿನ ಸ್ವಭಾವ ಬೇರೆ. ತೆಳು ಮೊನೆ ಅಲ್ಲಿ ಮುರಿದೇ ಹೋಗುತ್ತದೆ. ದಪ್ಪ ಮೊನೆಯ ಚಾಣ ಇಟ್ಟು ಹೊಡೆದು, ಕಲ್ಲನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಬೇಕು. ಛತ್ರಪತಿ ಸಂಭಾಜಿನಗರದ ಹತ್ತಿರ ಎಲ್ಲೋರದಲ್ಲಿ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸದ ಸುತ್ತಲಿನ ಬಂಡೆಗೋಡೆಗಳ ಮೇಲೆ ಆ ಹೊಡೆತಗಳ ಗೆರೆಗಳು ಈಗಲೂ ಕಾಣುತ್ತವೆ. ಹೊಯ್ಸಳರ ಶಿಲ್ಪ ಕುಸುರಿ, ದಖ್ಖನದ ಬಸಾಲ್ಟ್ ಶಿಲ್ಪ ಗಟ್ಟಿಮುಟ್ಟು ಎಂದು ಕಲಾವಿಮರ್ಶಕರು ಹೇಳುವಾಗ ರಾಜರ ಅಭಿರುಚಿಯನ್ನೂ ಶಿಲ್ಪಿಗಳ ಪರಂಪರೆಯನ್ನೂ ಹೆಸರಿಸುತ್ತಾರೆ. ಅವೆರಡೂ ಸರಿಯೇ. ಆದರೆ ಅಭಿರುಚಿಗೂ ಮುಂಚೆ ಕಲ್ಲು ತನ್ನ ಕೋನವನ್ನು ಕೇಳಿತ್ತು ಎಂಬುದನ್ನು ಸೇರಿಸದಿದ್ದರೆ ಆ ಮಾತು ಅರ್ಧವಾಗುತ್ತದೆ.

ಲೋಹ ಕಡೆಯುವ ಕಸುಬಿನ ಚರಿತ್ರೆಯನ್ನು ಬರೆಯುವವರಲ್ಲೂ ಇದೇ ಕೊರತೆ ಇದೆ. ಆ ಚರಿತ್ರೆಯ ಅಧ್ಯಾಯಗಳಿಗೆಲ್ಲ ವಸ್ತುಗಳ ಹೆಸರು: ಇಂಗಾಲದ ಉಕ್ಕಿನ ಕಾಲ, ಹೈಸ್ಪೀಡ್ ಸ್ಟೀಲ್ ಕಾಲ, ಕಾರ್ಬೈಡ್ ಕಾಲ, ಲೇಪನದ ಕಾಲ. ಇನ್ನಷ್ಟು ಗಟ್ಟಿಯಾದ ವಸ್ತು ಸಿಕ್ಕಿತು, ಇನ್ನಷ್ಟು ವೇಗ ಬಂತು, ಮುಂದಿನ ಅಧ್ಯಾಯ ಶುರುವಾಯಿತು. ನಾವು ಕನ್ನಡಿಗರೂ ಇದಕ್ಕೆ ಹೊರತಲ್ಲ. ಜಗತ್ತು ಮೆಚ್ಚಿದ ವೂಟ್ಸ್ ಎಂಬ ಹೆಸರಿನ ಹಿಂದೆ ನಮ್ಮ ‘ಉಕ್ಕು’ ಇದೆ ಎಂದು ಹೆಮ್ಮೆಪಡುತ್ತೇವೆ. ಆ ಉಕ್ಕಿನ ಮೊನೆಯನ್ನು ಯಾರು, ಯಾವ ಓರೆಯಲ್ಲಿ ತೀಡುತ್ತಿದ್ದರು ಎಂದು ಕೇಳಿದವರು ಕಡಿಮೆ. ಸ್ಟೇನ್‌ಲೆಸ್ ಸ್ಟೀಲ್ ಕಡೆಯುವ ಕಸುಬಿನ ನೂರು ವರ್ಷಗಳನ್ನು ವಸ್ತುಗಳ ಹೆಸರಿನಿಂದ ಓದಿದರೆ ಅರ್ಥವಾಗುವುದು ಸ್ವಲ್ಪ. ಅಲಗಿನ ಕೋನದಿಂದ ಓದಿದರೆ, ಮುಖ್ಯವಾಗಿ ಆ ಕೋನದ ಅರಿವು ಯಾರ ಕೈಯಲ್ಲಿತ್ತು ಎಂದು ಕೇಳುತ್ತ ಓದಿದರೆ, ಬಹಳಷ್ಟು ಅರ್ಥವಾಗುತ್ತದೆ ಎಂಬುದು ಇಲ್ಲಿ ನಾನು ಮುಂದಿಡುವ ವಾದ.

ಕೋನದ ಒಡೆತನದ ಪ್ರಶ್ನೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಹಳೆಯದು. ಅಮೆರಿಕದ ಫ್ರೆಡರಿಕ್ ವಿನ್ಸ್‌ಲೋ ಟೇಲರ್ 1906ರಲ್ಲಿ ಲೋಹ ಕಡೆಯುವ ಕಲೆಯ ಬಗ್ಗೆ ದೊಡ್ಡದೊಂದು ಪ್ರಬಂಧ ಮಂಡಿಸಿದ. ಅದರ ಹಿಂದೆ 26 ವರ್ಷಗಳ ಪ್ರಯೋಗವಿತ್ತು; ಆ ಪ್ರಯೋಗಗಳಲ್ಲಿ 8 ಲಕ್ಷ ಪೌಂಡಿಗೂ ಹೆಚ್ಚು ಉಕ್ಕು, ಕಬ್ಬಿಣ ಕಡೆದ ಚೂರುಗಳಾಗಿ, ಅಂದರೆ ಚಿಪ್ಸ್ ಆಗಿ, ಉದುರಿತ್ತು. ಮೌನ್ಸೆಲ್ ವೈಟ್ ಜೊತೆಗೂಡಿ ರೂಪಿಸಿ, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ತೋರಿಸಿದ ಹೈಸ್ಪೀಡ್ ಸ್ಟೀಲಿನಿಂದಾಗಿಯೇ ಜಗತ್ತು ಅವನನ್ನು ನೆನೆಯುತ್ತದೆ. ಆದರೆ ಪ್ರಬಂಧದ ದೊಡ್ಡ ಭಾಗ ಅಲಗಿನ ಆಕಾರದ ಬಗ್ಗೆಯೇ ಇದೆ. ಮೆತ್ತನೆಯ ಉಕ್ಕಿಗೆ ಪಕ್ಕದ ಇಳಿಜಾರು 22 ಡಿಗ್ರಿ ಇರಲಿ, ಗಟ್ಟಿ ಉಕ್ಕಿಗೂ ಬೀಡು ಕಬ್ಬಿಣಕ್ಕೂ 14 ಡಿಗ್ರಿ ಸಾಕು ಎಂಬಂಥ ತೀರ್ಮಾನಗಳು ಅಲ್ಲಿವೆ. ಅದರ ಜೊತೆಗೇ ಟೇಲರ್ ಇನ್ನೊಂದು ಕೆಲಸ ಮಾಡಿದ. ಲೇತಿನಲ್ಲಿ ಕಡೆಯುವ ಟರ್ನರ್ ತನ್ನ ಟೂಲನ್ನು ತಾನೇ ಸಾಣೆ ಹಿಡಿಯಕೂಡದು, ಟೂಲ್ ರೂಮಿನಲ್ಲಿ ಯಂತ್ರದ ಸಾಣೆಯ ಮೇಲೆ ಎಲ್ಲ ಟೂಲುಗಳೂ ಒಂದೇ ಅಳತೆಗೆ ತಯಾರಾಗಿ ಅವನ ಕೈಗೆ ಬರಬೇಕು ಎಂದು ಪಟ್ಟುಹಿಡಿದ. ಪ್ರತಿಯೊಬ್ಬನೂ ತನಗೆ ತೋಚಿದ ಕೋನ ಕೊಟ್ಟರೆ ಅಳೆದು ಹೇಳಲು ಏನೂ ಉಳಿಯುವುದಿಲ್ಲ ಎಂಬುದು ಅವನ ತರ್ಕ, ಆ ತರ್ಕದಲ್ಲಿ ಹುರುಳಿತ್ತು. ಕೋನವನ್ನು ಕೆಲಸಗಾರನ ಕೈಯಿಂದ ಬಿಡಿಸಿ ಕಾಗದಕ್ಕೆ ಇಳಿಸುವ ನೂರು ವರ್ಷಗಳ ಪಯಣ ಅಲ್ಲಿಂದಲೇ ಹೊರಟಿತು.

ಆ ಪಯಣದ ದಾರಿಗೆ ಅಡ್ಡ ಬಂದದ್ದು ಸ್ಟೇನ್‌ಲೆಸ್ ಸ್ಟೀಲ್. 1912ರಲ್ಲಿ ಜರ್ಮನಿಯ ಕ್ರುಪ್ ಕಂಪನಿಯ ಬೆನ್ನೋ ಸ್ಟ್ರೌಸ್ ಮತ್ತು ಎಡ್ವರ್ಡ್ ಮೌರರ್ ಕ್ರೋಮಿಯಂ, ನಿಕೆಲ್ ಎರಡೂ ಬೆರೆತ ತುಕ್ಕುಹಿಡಿಯದ ಉಕ್ಕನ್ನು ರೂಪಿಸಿದರು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ, ಬಂದೂಕಿನ ನಳಿಗೆ ಸವೆಯದ ಉಕ್ಕು ಹುಡುಕುತ್ತ, ಶೇ. 12.8ರಷ್ಟು ಕ್ರೋಮಿಯಂ ಇರುವ ಉಕ್ಕನ್ನು ಎರಕ ಹೊಯ್ದ. 1924ರಲ್ಲಿ ಅದೇ ಊರಿನ ಹ್ಯಾಟ್‌ಫೀಲ್ಡ್ ಶೇ. 18 ಕ್ರೋಮಿಯಂ, ಶೇ. 8 ನಿಕೆಲ್ ಇರುವ ಉಕ್ಕನ್ನು ಬಳಕೆಗೆ ತಂದ. ನಮ್ಮ ಅಡುಗೆಮನೆಯ ಪಾತ್ರೆ, ಹಾಲಿನ ಡೈರಿಯ ಕೊಳವೆ, ನಾಸಿಕದ ವೈನ್ ತಯಾರಿಕೆಯ ತೊಟ್ಟಿ, ಸಂಭಾಜಿನಗರದ ಔಷಧ ಕಾರ್ಖಾನೆಯ ವಾಲ್ವು ಎಲ್ಲವೂ ಈ ಕುಲದವೇ. ಇಂದಿನ ಹೆಸರಿನಲ್ಲಿ 304, 316. ಬ್ರಿಯರ್ಲಿಯ ಕ್ರೋಮಿಯಂ ಉಕ್ಕು ಕಡೆಯಲು ಅಷ್ಟೇನೂ ವಿಚಿತ್ರವಲ್ಲ. ನಿಕೆಲ್ ಬೆರೆತ ಈ 18/8 ಮಾತ್ರ ಟರ್ನರ್‌ಗಳು ಅದುವರೆಗೆ ಕಲಿತ ಪಾಠವನ್ನೇ ತಿರುಗಿಸಿಬಿಟ್ಟಿತು.

ತಿರುಗಿಸಿದ್ದು ಹೇಗೆ ಎಂದು ನಿಧಾನವಾಗಿ ನೋಡಬೇಕು, ಏಕೆಂದರೆ ಉಳಿದ ವಾದವೆಲ್ಲ ಇದರ ಮೇಲೆ ನಿಂತಿದೆ. 304 ಮುಟ್ಟಿದರೆ ಗಟ್ಟಿ ಲೋಹವಲ್ಲ. ಹದಗೊಳಿಸಿದ ಸರಳು ಸಾಧಾರಣ ಉಕ್ಕಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಮೆತ್ತಗಿರುತ್ತದೆ. ಆದರೆ ಒತ್ತಿದಷ್ಟೂ ಬಿಗಿಯುವುದು ಅದರ ಗುಣ. ಅಲಗು ಹಾದುಹೋದ ಮೇಲ್ಮೈಯ ಗಡಸುತನ ಒಳಗಿನದಕ್ಕಿಂತ ಎರಡು ಪಟ್ಟಿನ ತನಕ ಏರಬಲ್ಲದು. ಇದನ್ನು ಶೆಡ್ಡಿನಲ್ಲಿ ಒಂದು ಆಯಸ್ಕಾಂತವೇ ತೋರಿಸಿಕೊಡುತ್ತದೆ: 304ರ ಸರಳಿಗೆ ಅದು ಅಂಟುವುದಿಲ್ಲ, ಅದೇ ಸರಳಿನಿಂದ ಬಂದ ಚಿಪ್ಸ್ ಎಷ್ಟೋ ಸಲ ಅಂಟುತ್ತದೆ. ಕಡೆಯುವ ಒತ್ತಡಕ್ಕೆ ಲೋಹದ ಒಳರಚನೆಯೇ ಬದಲಾಗಿರುತ್ತದೆ. ಎರಡನೆಯದು ಶಾಖ. ಸಾಧಾರಣ ಇಂಗಾಲದ ಉಕ್ಕು ಶಾಖ ಸಾಗಿಸುವುದು ಮೀಟರಿಗೆ, ಡಿಗ್ರಿಗೆ ಸುಮಾರು 50 ವ್ಯಾಟಿನ ಲೆಕ್ಕದಲ್ಲಾದರೆ 304ರದ್ದು ಸುಮಾರು 16. ಹುಟ್ಟಿದ ಶಾಖ ಕಡೆಯುತ್ತಿರುವ ತುಂಡಿನ, ಅಂದರೆ ಜಾಬಿನ, ಒಳಕ್ಕೂ ಚಿಪ್ಸ್ ಜೊತೆಗೂ ಬೇಗ ಹೋಗದೆ ಅಲಗಿನ ತುದಿಯಲ್ಲೇ ಕೂರುತ್ತದೆ. ಮೂರನೆಯದು ಅಂಟು. ಲೋಹದ ಚೂರು ತುದಿಗೆ ಮೆತ್ತಿಕೊಂಡು, ಬೆಳೆದು, ಕಿತ್ತುಬರುವಾಗ ಅಲಗಿನ ಕಣವನ್ನೂ ಕಿತ್ತುಕೊಂಡೇ ಬರುತ್ತದೆ. ನಾಲ್ಕನೆಯದಾಗಿ ಚಿಪ್ಸ್ ಮುರಿಯುವುದಿಲ್ಲ. ಮಾರುಗಟ್ಟಲೆ ಉದ್ದದ, ಅಲಗಿನಷ್ಟೇ ಹರಿತವಾದ ಸುರುಳಿಗಳು ಜಾಬಿಗೂ ಅದನ್ನು ಹಿಡಿದ ಚಕ್ಕಿಗೂ ಸುತ್ತಿಕೊಳ್ಳುತ್ತವೆ.

ಈ ನಾಲ್ಕು ಗುಣಗಳಿಗೂ ಉತ್ತರ ಕೋನದಲ್ಲಿದೆ. ಟೂಲಿನ ಮೇಲ್ಮುಖದ ಇಳಿಜಾರಿಗೆ ರೇಕ್ ಎನ್ನುತ್ತಾರೆ. ಸಿನ್ಸಿನಾಟಿಯ ಯಂತ್ರೋಪಕರಣ ಕಂಪನಿಯೊಂದರಲ್ಲಿದ್ದ ಯೂಜೀನ್ ಮರ್ಚೆಂಟ್ 1945ರಲ್ಲಿ ಗಣಿತದಿಂದ ತೋರಿಸಿದ್ದನ್ನು ಸರಳವಾಗಿ ಹೇಳಬಹುದು: ರೇಕ್ ಹೆಚ್ಚಾದಷ್ಟೂ ಲೋಹ ಕಡಿಮೆ ಜಜ್ಜಿಸಿಕೊಂಡು ಚಿಪ್ಸ್ ಆಗುತ್ತದೆ. ಬೇರೆ ಉಕ್ಕಿನಲ್ಲಿ ಹೀಗೆ ಉಳಿಯುವುದು ಮುಖ್ಯವಾಗಿ ಕರೆಂಟು. 304ರಲ್ಲಾದರೆ ಜಜ್ಜುವುದು ಕಡಿಮೆಯಾದಷ್ಟೂ ಬಿಗಿಯುವುದು ಕಡಿಮೆ, ಶಾಖ ಕಡಿಮೆ, ಮೆತ್ತುವುದೂ ಕಡಿಮೆ. ಒಂದು ಕೋನಕ್ಕೆ ಮೂರು ಫಲ. ಆದರೆ ರೇಕ್ ಹೆಚ್ಚಿಸಿದರೆ ತುದಿ ತೆಳ್ಳಗಾಗುತ್ತದೆ, ಬಿಗಿದ ಪದರಕ್ಕೆ ತಾಗಿದರೆ ಮುರಿಯುತ್ತದೆ. ಆದ್ದರಿಂದ ತುದಿ ಆ ಪದರದ ಕೆಳಗೆ ಹೋಗುವಂತೆ ಫೀಡ್, ಅಂದರೆ ಒಂದು ಸುತ್ತಿಗೆ ಟೂಲ್ ಮುಂದೆ ಸರಿಯುವ ದೂರ, ಕೊಡಬೇಕು. ಹೆದರಿ ನಯವಾಗಿ ಸವರಿದರೆ ಅಲಗು ತಾನೇ ಬಿಗಿಗೊಳಿಸಿದ ಪದರವನ್ನು ಮುಂದಿನ ಸುತ್ತಿನಲ್ಲಿ ತಾನೇ ಉಜ್ಜುತ್ತ ಸವೆಯುತ್ತದೆ. ಜಾಬಿನ ಹೊರಮೈ ಅಲಗಿಗೆ ತಾಗುವ ಗೆರೆಯಲ್ಲಿ ಇಲಿ ಕಡಿದಂತೆ ಒಂದು ಕಚ್ಚು ಬೀಳುತ್ತದೆ. ಟೂಲನ್ನು ಓರೆಯಾಗಿ ನಿಲ್ಲಿಸಿ ಆ ಒತ್ತಡವನ್ನು ಅಲಗಿನ ಉದ್ದಕ್ಕೆ ಹಂಚಿದರೆ ಕಚ್ಚು ತಡವಾಗಿ ಬೀಳುತ್ತದೆ. ಟೂಲಿನ ಮೂಲೆಯ, ಅಂದರೆ ಮೂಗಿನ, ದುಂಡು ಹೆಚ್ಚಿದರೆ ಮೇಲ್ಮೈ ನಯ, ಆದರೆ ತೆಳು ಕೊಳವೆ ನಡುಗುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ಕದಲುತ್ತದೆ. ಬೀಡು ಕಬ್ಬಿಣದಂಥ ಲೋಹ ಕೋನದ ಎಷ್ಟೋ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ, 304 ಸಹಿಸುವುದಿಲ್ಲ.

ಡ್ರಿಲ್ಲಿನಲ್ಲಿ ಈ ಮಾತು ಇನ್ನೂ ನಿಚ್ಚಳ. ಸಾಧಾರಣ ಡ್ರಿಲ್ಲಿನ ತುದಿಯ ಕೋನ 118 ಡಿಗ್ರಿ. ಅದರ ನಟ್ಟನಡುವೆ ಎರಡು ಅಲಗುಗಳು ಕೂಡುವಲ್ಲಿ ಉಳಿಯ ಬಾಯಿಯಂಥ ಒಂದು ಮೊಂಡು ಗೆರೆ ಇರುತ್ತದೆ. ತಿರುಗುವ ವಸ್ತುವಿನ ನಡುಬಿಂದುವಿನಲ್ಲಿ ವೇಗವೆಂಬುದೇ ಇಲ್ಲ. ಆ ಗೆರೆ ಕತ್ತರಿಸುವುದಿಲ್ಲ, ಒತ್ತುತ್ತದೆ. ಮೈಲ್ಡ್ ಸ್ಟೀಲ್ ಆ ಒತ್ತಡಕ್ಕೆ ಸರಿದು ದಾರಿ ಬಿಡುತ್ತದೆ. 304 ಬಿಗಿಯುತ್ತದೆ. ಡ್ರಿಲ್ ಕಿರುಚುತ್ತದೆ, ತುದಿ ನೀಲಿಗಟ್ಟುತ್ತದೆ, ತೂತಿನ ತಳದಲ್ಲಿ ಕನ್ನಡಿಯಂಥ ಹೊಳಪು ಕೂರುತ್ತದೆ. ಆಮೇಲೆ ಹೊಸ ಡ್ರಿಲ್ ಹಾಕಿದರೂ ಆ ತೂತು ಸುಲಭವಾಗಿ ಒಲಿಯುವುದಿಲ್ಲ. ಉಪಾಯವೆಂದರೆ ತುದಿಯನ್ನು 135 ಡಿಗ್ರಿಗೆ ಚಪ್ಪಟೆಗೊಳಿಸಿ, ನಡುವಿನ ಮೊಂಡು ಗೆರೆಯನ್ನು ಸಾಣೆಯಿಂದ ಸೀಳಿ, ಅಲ್ಲೂ ಎರಡು ಪುಟ್ಟ ಅಲಗುಗಳನ್ನು ಮಾಡುವುದು. ಅದೇ ಹೈಸ್ಪೀಡ್ ಸ್ಟೀಲ್, ಅದೇ ಯಂತ್ರ, ಅದೇ ಎಣ್ಣೆ. ಕೋನವೊಂದು ಬದಲಾಗಿ ಆಗದ ಕೆಲಸ ಆಯಿತು. ವಸ್ತುಗಳ ಹೆಸರಿನ ಚರಿತ್ರೆಯಲ್ಲಿ ಈ ಬದಲಾವಣೆಗೆ ಒಂದು ಸಾಲೂ ಸಿಗುವುದಿಲ್ಲ.

ಈ ಅರಿವು ಭಾರತಕ್ಕೆ ಬಂದ ದಾರಿಯಲ್ಲಿ ಬೆಂಗಳೂರಿಗೂ ನಾಸಿಕಕ್ಕೂ ಹತ್ತಿರದ ನಂಟಿದೆ. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1964ರಲ್ಲಿ ಮಿಗ್ ವಿಮಾನಕ್ಕಾಗಿ ಹುಟ್ಟಿದ್ದ ಸಂಸ್ಥೆಯೊಂದಿಗೆ ಸೇರಿ ಎಚ್‌ಎಎಲ್ ಆಯಿತು. ನಾಸಿಕದ ಹತ್ತಿರ ಓಝರಿನಲ್ಲಿ ಮಿಗ್ ಕಟ್ಟುವ ಕಾರ್ಖಾನೆ ಎದ್ದಿತು. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಕಂಪನಿ, ಆ ಊರಿನ ಆಡುಗೋಡಿಯ ಆಚೆಗೆ ಬೆಳೆದಾಗ ಆರಿಸಿಕೊಂಡ ಊರುಗಳಲ್ಲಿ ನಾಸಿಕವೂ ಒಂದು. ಡೀಸೆಲ್ ಎಂಜಿನ್ನಿನ ನಾಜಲ್ ಅಲ್ಲಿ ತಯಾರಾಗತೊಡಗಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿಯ ಲೇತುಗಳು ದೇಶದ ಎಲ್ಲ ಕಡೆಯ ಶೆಡ್ಡುಗಳನ್ನು ಸೇರಿದವು. 1962ರಲ್ಲಿ ಬೆಂಗಳೂರಿನಲ್ಲೇ ಸೆಂಟ್ರಲ್ ಮಷೀನ್ ಟೂಲ್ ಇನ್‌ಸ್ಟಿಟ್ಯೂಟ್ ನೆಲೆಗೊಂಡಿತು. 1960ರ ದಶಕದಲ್ಲಿ ತುಮಕೂರು ರಸ್ತೆಯಲ್ಲಿ ವಿಡಿಯಾ ಇಂಡಿಯಾ ಕಾರ್ಖಾನೆ ಬಂತು. ವಿಡಿಯಾ ಎಂಬುದು ಕ್ರುಪ್ 1920ರ ದಶಕದಲ್ಲಿ ಕಾರ್ಬೈಡಿಗೆ ಇಟ್ಟ ಹೆಸರು. ‘ವಜ್ರದಂಥದ್ದು’ ಎಂಬ ಅರ್ಥದ ಎರಡು ಜರ್ಮನ್ ಪದಗಳನ್ನು ಮೊಟಕುಗೊಳಿಸಿದ್ದು. 2002ರಲ್ಲಿ ವಿಡಿಯಾವನ್ನು ಕೆನಮೆಟಲ್ ಕೊಂಡ ಮೇಲೂ ನಮ್ಮ ಟರ್ನರ್‌ಗಳ ಬಾಯಲ್ಲಿ ಯಾವ ಕಂಪನಿಯ ಕಾರ್ಬೈಡೂ ವಿಡಿಯಾ ಟಿಪ್ಪೇ.

ದೊಡ್ಡ ಕಾರ್ಖಾನೆಗಳಲ್ಲಿ ಟೇಲರ್ ಹೇಳಿದ ಟೂಲ್ ರೂಮುಗಳಿದ್ದವು. ಅವುಗಳ ಸುತ್ತ ಬೆಳೆದ ಸಣ್ಣ ಘಟಕಗಳಲ್ಲಿ ಇದ್ದದ್ದು ಎರಡು ಕಲ್ಲಿನ ಒಂದು ಸಾಣೆಯಂತ್ರ: ಒಂದು ಬದಿ ಹೈಸ್ಪೀಡ್ ಸ್ಟೀಲಿಗೆ, ಇನ್ನೊಂದು ಬದಿ ವಿಡಿಯಾಗೆಂದು ಹಸಿರು ಕಲ್ಲು. ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಲ 1962ರಲ್ಲಿ ಹುಟ್ಟಿದ ಮೇಲೆ ನಾಸಿಕದ ಸಾತ್ಪುರ, ಅಂಬಡ್, ಆಮೇಲೆ ಸಿನ್ನರ್, ಅತ್ತ ಸಂಭಾಜಿನಗರದ ಚಿಕಲ್‌ಠಾಣಾ, 1985ರಲ್ಲಿ ಬಜಾಜ್ ಕಾರ್ಖಾನೆ ಬಂದ ವಾಳೂಜ್ ಹೀಗೆ ಬೆಳೆದ ವಸಾಹತುಗಳಲ್ಲಿ ಬಿಡಿಭಾಗ ಮಾಡಿಕೊಡುವ ಘಟಕಗಳು ಸಾಲುಗಟ್ಟಿದವು. ಅಂಥ ಜಾಬ್ ವರ್ಕ್ ಘಟಕದಲ್ಲಿ ಕೋನದ ಒಡೆಯ ಟರ್ನರ್. ಚೌಕನೆಯ ಟೂಲ್ ಬಿಟ್ ಹಿಡಿದು, ಕಿಡಿಯ ಬಣ್ಣ ನೋಡಿ, ಕಿವಿಗೊಟ್ಟು, ಬೆರಳು ಸುಡುವ ಮುಂಚೆ ನೀರಿಗದ್ದಿ, ಬೆಳಕಿಗೆ ಎತ್ತಿಹಿಡಿದು ಓರೆ ನೋಡುವುದೇ ಅವನ ಅಳತೆ. ವಿಡಿಯಾ ತುಂಡನ್ನು ಹಿತ್ತಾಳೆಯಿಂದ ಬೆಸೆದ ಟೂಲಿನ ಮೇಲೆ ಅಲಗಿನ ಹಿಂದೆಯೇ ಒಂದು ಪುಟ್ಟ ಕಾಲುವೆ ತೋಡುತ್ತಿದ್ದ. ಸ್ಟೇನ್‌ಲೆಸ್ ಸುರುಳಿ ಆ ಕಾಲುವೆಗೆ ಬಿದ್ದು, ಬಗ್ಗಿ, ತುಂಡಾಗಲಿ ಎಂದು. ವಿಡಿಯಾ ಬಂದ ಮೇಲೂ ಸ್ಟೇನ್‌ಲೆಸ್ ಕೆಲಸಕ್ಕೆ ಹೈಸ್ಪೀಡ್ ಸ್ಟೀಲ್ ಬಹಳ ಕಾಲ ಉಳಿದದ್ದು ಬರೀ ಬಡತನದಿಂದಲ್ಲ. ಬೆಸೆದ ಕಾರ್ಬೈಡ್ ಪೆಡಸು; ಅಷ್ಟು ಹರಿತವಾದ, ಅಷ್ಟು ಇಳಿಜಾರಾದ ತುದಿಯನ್ನು ಅದು ತಾಳುತ್ತಿರಲಿಲ್ಲ. ಹೈಸ್ಪೀಡ್ ಸ್ಟೀಲ್ ತಾಳುತ್ತಿತ್ತು. ಹೊಸ ವಸ್ತು ಹಳೆಯದನ್ನು ಸೋಲಿಸಲಾಗದೆ ದಶಕಗಟ್ಟಲೆ ಕಾದದ್ದು ಕೋನದ ಕಾರಣಕ್ಕೇ ಎಂಬುದು ನನ್ನ ವಾದಕ್ಕೆ ಸಿಗುವ ಅತಿ ದೊಡ್ಡ ಸಾಕ್ಷಿ.

ಆ ಕಾಯುವಿಕೆ ಮುಗಿದದ್ದು ಕಾರ್ಬೈಡಿನ ಪುಡಿಯನ್ನು ಅಚ್ಚಿನಲ್ಲಿ ಒತ್ತುವಾಗಲೇ ಇಳಿಜಾರನ್ನೂ ಕಾಲುವೆಯನ್ನೂ ಒತ್ತಿಬಿಡುವುದನ್ನು ಕಲಿತ ಮೇಲೆ. ತಿರುಗಿಸಿ ತಿರುಗಿಸಿ ಬಳಸುವ, ಸವೆದರೆ ಎಸೆಯುವ ಕಾರ್ಬೈಡ್ ತುಂಡು, ಅಂದರೆ ಇನ್ಸರ್ಟ್, 1950ರ ದಶಕದಿಂದ ಹರಡಿತು. ಹೋಲ್ಡರಿನಲ್ಲಿ ಅದು ಮುಂದಕ್ಕೆ ಬಾಗಿ, ಅಂದರೆ ಋಣ ಕೋನದಲ್ಲಿ ಕೂರುತ್ತದೆ, ಅದರಿಂದ ಬಲ. ಮೇಲ್ಮುಖದ ಅಚ್ಚುಗಾಲುವೆ ಆ ಋಣವನ್ನು ತುದಿಯ ಬಳಿ ಧನವಾಗಿ ತಿರುಗಿಸುತ್ತದೆ, ಅದರಿಂದ ಹರಿತ. ಸಿನ್ನರಿನಲ್ಲಿ ಇರಲಿ, ಪೀಣ್ಯದಲ್ಲಿ ಇರಲಿ, ಇವತ್ತು ಇನ್ಸರ್ಟ್ ಡಬ್ಬಿಯ ಮೇಲೆ ಸಿಎನ್ಎಂಜಿ 120408 ಎಂಬಂಥ ಬರಹವಿರುತ್ತದೆ. ಮೊದಲ ಅಕ್ಷರ 80 ಡಿಗ್ರಿಯ ವಜ್ರಾಕಾರ, ಎರಡನೆಯದು ಪಕ್ಕದ ಸಡಿಲಿನ ಕೋನ ಸೊನ್ನೆ, ಮೂರನೆಯದು ಅಳತೆಯ ನಿಖರತೆ, ನಾಲ್ಕನೆಯದು ತೂತು ಮತ್ತು ಎರಡೂ ಬದಿ ಕಾಲುವೆ. 12 ಅಂಚಿನ ಉದ್ದ, 04 ಎಂದರೆ 4.76 ಮಿ.ಮೀ. ದಪ್ಪ, 08 ಎಂದರೆ 0.8 ಮಿ.ಮೀ. ಮೂಗಿನ ದುಂಡು. ಸ್ಟೇನ್‌ಲೆಸ್‌ಗೆಂದು ಹಳದಿ ಬಣ್ಣದ ಎಂ ಗುರುತು. ಜಗತ್ತೆಲ್ಲ ಒಪ್ಪಿದ ಈ ಹೆಸರಿನಲ್ಲಿ ಏನಿಲ್ಲ ಎಂದು ಹುಡುಕಿದರೆ, ಇಲ್ಲದಿರುವುದು ಸ್ಟೇನ್‌ಲೆಸ್ ಕಡೆಯುವವನಿಗೆ ಬೇಕೇ ಬೇಕಾದ ಸಂಗತಿ. ಕಾಲುವೆಯ ಇಳಿಜಾರು ಎಷ್ಟು, ಅಂಚಿನ ಪಟ್ಟಿಯ ಅಗಲ ಎಷ್ಟು, ತುದಿಯನ್ನು ಎಷ್ಟು ಮೈಕ್ರಾನ್ ದುಂಡಗೆ ಮಾಡಿದ್ದಾರೆ ಎಂಬುದು ಆ ಅಂಕಿಗಳಲ್ಲಿ ಬರುವುದಿಲ್ಲ. ಅವೆಲ್ಲ ಕೊನೆಯಲ್ಲಿ ಪ್ರತಿ ಕಂಪನಿಯೂ ತನಗೆ ಬೇಕಾದಂತೆ ಸೇರಿಸುವ ಎರಡು ಮೂರು ಅಕ್ಷರಗಳಲ್ಲಿ ಅಡಗಿವೆ. ಟರ್ನರನ ಬೆರಳಿನಲ್ಲಿದ್ದದ್ದು ಅಚ್ಚಿನೊಳಕ್ಕೆ ಹೋಯಿತು. ಅಚ್ಚಿನ ಅಳತೆ ಕಂಪನಿಯ ಗುಟ್ಟಾಯಿತು.

ಕೋನಕ್ಕೆ ಬೇರೆ ಬಗೆಯ ಹೆಸರುಗಳೂ ಒಂದು ಕಾಲದಲ್ಲಿದ್ದವು. 1950ರ ದಶಕದ ಆರಂಭದಲ್ಲಿ ಸೋವಿಯತ್ ದೇಶದ ಕುಯಿಬಿಶೆವ್ ನಗರದ ಟರ್ನರ್ ವಸೀಲಿ ಕೋಲೆಸೋವ್, ತನ್ನ ಟೂಲಿನ ಮೂಗಿನ ಪಕ್ಕ ಜಾಬಿಗೆ ಸಮಾನಾಂತರವಾದ ಒಂದು ಪುಟ್ಟ ಅಲಗನ್ನು ತೀಡಿ, ದೊಡ್ಡ ಫೀಡಿನಲ್ಲೂ ನಯವಾದ ಮೇಲ್ಮೈ ತೆಗೆದ. ರಷ್ಯನ್ ಪಠ್ಯಗಳಲ್ಲಿ ಅದು ಇಂದಿಗೂ ಕೋಲೆಸೋವನ ಟೂಲ್. ಇಂದು ವೈಪರ್ ಎಂದು ಮಾರುವ ಇನ್ಸರ್ಟಿನ ತತ್ವವೂ ಅದೇ. 1953ರಲ್ಲಿ ಬೀಜಿಂಗಿನ ಯೊಂಗ್‌ದಿಂಗ್ ಕಾರ್ಖಾನೆಯ ಫಿಟ್ಟರ್ ನಿ ಚಿಫು, ಕೊರೆಯಲು ಬಗ್ಗದ ಮಿಶ್ರ ಉಕ್ಕಿನ ತಟ್ಟೆಗಳಲ್ಲಿ ಡ್ರಿಲ್ಲುಗಳು ಸುಟ್ಟುಹೋಗುತ್ತಿದ್ದಾಗ, ತುದಿಯಲ್ಲಿ ಕಮಾನಿನಂಥ ಅಲಗುಗಳನ್ನು ಸಾಣೆ ಹಿಡಿದು ನಡುವಿನ ಮೊಂಡನ್ನು ಕಿರಿದುಗೊಳಿಸಿದ. ಅದಕ್ಕೆ ಅವನ ಹೆಸರೇ ಬಿತ್ತು; ಅವನೇ ಅದನ್ನು ಎಲ್ಲರ ಡ್ರಿಲ್ ಎಂಬ ಅರ್ಥದ ಹೆಸರಿಗೆ ಬದಲಿಸಿದ. ಸ್ಟೇನ್‌ಲೆಸ್‌ಗೆ ತಕ್ಕ ರೂಪವೂ ಸೇರಿ ಅದರ ಬೇರೆ ಬೇರೆ ರೂಪಗಳು ಆಮೇಲೆ ಬಂದವು. ಆ ಫಿಟ್ಟರ್ ಮುಂದೆ ಚೀನಾದ ಆಳುವ ಪಕ್ಷದ ಪಾಲಿಟ್‌ಬ್ಯೂರೋ ಸದಸ್ಯನೂ ಆದ. ಆ ಎರಡು ರಾಜ್ಯವ್ಯವಸ್ಥೆಗಳು ಕಾರ್ಮಿಕರನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಂಡವು ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಪ್ರಚಾರದ ನಡುವೆ, ಸಾಣೆಯಂತ್ರದ ಮುಂದೆ ನಿಂತವನು ಕಂಡುಕೊಂಡ ಕೋನವನ್ನು ಚಿತ್ರ ಬರೆದು, ಅಳೆದು, ಇನ್ನೊಂದು ಕಾರ್ಖಾನೆಗೆ ಕಲಿಸಿದ್ದು ನಿಜ. ನನಗೆ ತಿಳಿದಮಟ್ಟಿಗೆ ನಮ್ಮಲ್ಲಿ ಟರ್ನರನ ಹೆಸರು ಹೊತ್ತ ಒಂದು ಟೂಲೂ ಪಠ್ಯಪುಸ್ತಕ ಸೇರಲಿಲ್ಲ. ಇಲ್ಲಿನ ಕೈಗಳು ಕೀಳಾಗಿದ್ದವೆಂದಲ್ಲ. ನಮ್ಮ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಅವುಗಳ ಅಂಕಿಗಳು ಹೊರಗಿನಿಂದ ಬಂದವು, ಶೆಡ್ಡಿನಿಂದ ಕೈಪಿಡಿಗೆ ಮರಳಿ ಹೋಗುವ ದಾರಿಯನ್ನೇ ನಾವು ಹಾಕಲಿಲ್ಲ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಿವೆ. ಕೋನದ ಗೊಡವೆಯೇ ಬೇಡ, ಉಕ್ಕನ್ನೇ ತಿದ್ದಿದರಾಯಿತು ಎಂಬುದು ಮೊದಲನೆಯದು. ಗಂಧಕ ಬೆರೆಸಿದ 303 ಅಂಥದ್ದೇ. ಅದರ ಚಿಪ್ಸ್ ಮುರಿಯುತ್ತದೆ, ಅಲಗು ಬಾಳುತ್ತದೆ. ಆದರೆ ಗಂಧಕ ಬಂದರೆ ತುಕ್ಕು ತಡೆಯುವ ಶಕ್ತಿ ತಗ್ಗುತ್ತದೆ, ಬೆಸುಗೆ ಸರಿಯಾಗಿ ನಿಲ್ಲುವುದಿಲ್ಲ. ಹಾಲಿನ ಕೊಳವೆಗೂ ಔಷಧದ ವಾಲ್ವಿಗೂ ಅದು ನಡೆಯುವುದಿಲ್ಲ. ಯಾವ ಗುಣಕ್ಕಾಗಿ ಸ್ಟೇನ್‌ಲೆಸ್ ಹುಟ್ಟಿತೋ ಆ ಗುಣವನ್ನೇ ಬಿಟ್ಟುಕೊಟ್ಟ ಹಾಗೆ. ನಮ್ಮ ದೇಶದಲ್ಲಿ ದಾರಿ ಇನ್ನೊಂದು ಕಡೆಗೇ ತಿರುಗಿದೆ. ನಿಕೆಲ್ ದುಬಾರಿಯೆಂದು ಅದರ ಬದಲು ಮ್ಯಾಂಗನೀಸ್ ಹಾಕಿದ 200ರ ಸರಣಿಯ ಉಕ್ಕನ್ನು ನಾವು ಹೇರಳವಾಗಿ ಬಳಸುತ್ತೇವೆ. ಅದು 304ಕ್ಕಿಂತಲೂ ಬೇಗ ಬಿಗಿಯುತ್ತದೆ. ಎರಡನೆಯ ಆಕ್ಷೇಪ ಲೇಪನದ್ದು. 1969ರಲ್ಲಿ ಲೇಪಿತ ಇನ್ಸರ್ಟ್ ಮಾರುಕಟ್ಟೆಗೆ ಬಂದ ಮೇಲೆ ವೇಗ ಏರಿತು, ಯಶಸ್ಸು ಅದರದ್ದೇ ಎನ್ನುತ್ತಾರೆ. ಅಂದಿನ ಲೇಪನ ಸಾವಿರ ಡಿಗ್ರಿ ಶಾಖದಲ್ಲಿ ಕೂರುವ ದಪ್ಪ ಪದರ. ಅದು ನಿಲ್ಲಬೇಕಾದರೆ ಅಂಚನ್ನು ಮೊದಲೇ ದುಂಡಗೆ ಮಾಡಬೇಕಿತ್ತು. ಸ್ಟೇನ್‌ಲೆಸ್‌ಗೆ ನಿಜವಾಗಿ ಒದಗಿ ಬಂದದ್ದು ಕಡಿಮೆ ಶಾಖದಲ್ಲಿ ಎರಡು ಮೂರು ಮೈಕ್ರಾನ್ ದಪ್ಪಕ್ಕೆ ಕೂರುವ ಆಮೇಲಿನ ಲೇಪನ. ಅದು ಒದಗಿದ್ದು ಅಂಚನ್ನು ಹರಿತವಾಗಿಯೇ ಉಳಿಯಗೊಟ್ಟದ್ದರಿಂದ. ಲೇಪನದ ಕಥೆಯೂ ಕೊನೆಗೆ ಕೋನದ ಬಾಗಿಲಿಗೇ ಬಂದು ನಿಲ್ಲುತ್ತದೆ. ಯಂತ್ರ ಗಟ್ಟಿಯಿದ್ದರೆ ಯಾವ ಟೂಲಾದರೂ ನಡೆಯುತ್ತದೆ ಎಂಬ ಮೂರನೆಯ ಮಾತು ದೊಡ್ಡ ಸಿಎನ್‌ಸಿ ಯಂತ್ರದ ಮುಂದೆ ಸ್ವಲ್ಪಮಟ್ಟಿಗೆ ನಿಜ. ಆದರೆ ಗಟ್ಟಿ ಯಂತ್ರಕ್ಕೆ ದುಡ್ಡಿಲ್ಲದ ಘಟಕ ತನ್ನ ಹಗುರ ಲೇತಿನ ನಡುಕವನ್ನು ತುಂಬಿಕೊಳ್ಳಬಹುದಾದದ್ದು ಒತ್ತಡ ಕಡಿಮೆ ಮಾಡುವ ಕೋನದಿಂದ ಮಾತ್ರ. ಬಡ ಯಂತ್ರಕ್ಕೇ ಒಳ್ಳೆಯ ಕೋನ ಹೆಚ್ಚು ಬೇಕು.

ಇವೆಲ್ಲಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ: ಸಾಣೆಕಲ್ಲಿನ ಕಾಲಕ್ಕಾಗಿ ಹಲುಬುವುದು ಬರೀ ಹಳಹಳಿಕೆ ಎಂಬುದು. ಕೈಸಾಣೆಯ ಹೈಸ್ಪೀಡ್ ಸ್ಟೀಲಿನಿಂದ 304 ಕಡೆಯುವ ವೇಗ ನಿಮಿಷಕ್ಕೆ 20 ಮೀಟರ್ ಆಸುಪಾಸು. ಒಳ್ಳೆಯ ಇನ್ಸರ್ಟಿನಲ್ಲಿ 150 ಮೀಟರ್ ದಾಟುತ್ತದೆ. ಒಬ್ಬನ ಕೈ ಚೆನ್ನಾಗಿದ್ದರೆ ಪಕ್ಕದವನದ್ದು ಇರುತ್ತಿರಲಿಲ್ಲ. ಸೋಮವಾರದ ಕೋನ ಮಂಗಳವಾರಕ್ಕೆ ಸಿಗುತ್ತಿರಲಿಲ್ಲ. ಹಸಿರು ಕಲ್ಲಿನ ಧೂಳು, ಕಾರ್ಬೈಡಿನೊಳಗಿನ ಕೋಬಾಲ್ಟಿನ ಧೂಳು ಶ್ವಾಸಕೋಶಕ್ಕೆ ಹಾನಿ. ಆ ಜಾಣ್ಮೆಗೆ ಎಷ್ಟೋ ಜನ ಉಸಿರಿನಿಂದ ಬೆಲೆ ತೆತ್ತಿದ್ದಾರೆ. ಇದನ್ನೆಲ್ಲ ಒಪ್ಪದೆ ನನ್ನ ವಾದ ನಿಲ್ಲದು, ಮನಃಪೂರ್ವಕ ಒಪ್ಪುತ್ತೇನೆ. ಇನ್ಸರ್ಟ್ ಬಂದದ್ದು ಒಳ್ಳೆಯದೇ. ನಾನು ಕೇಳುತ್ತಿರುವುದು ಬೇರೆ. ಕೋನ ಡಬ್ಬಿಗೆ ಹೋದಾಗ ಅದರ ಅರಿವೂ ಡಬ್ಬಿಗೆ ಹೋಗಬೇಕಿತ್ತೇ? ಅಲಗು ಬೇಗ ಸವೆದರೆ ಇಂದಿನ ಆಪರೇಟರ್ ಇನ್ಸರ್ಟ್ ಬದಲಿಸುತ್ತಾನೆ, ಇಲ್ಲವೇ ವೇಗ ತಗ್ಗಿಸುತ್ತಾನೆ, ಇಲ್ಲವೇ ಹೆದರಿ ಫೀಡ್ ಇಳಿಸುತ್ತಾನೆ. ಫೀಡ್ ಇಳಿದರೆ ತುದಿ ಬಿಗಿದ ಪದರದೊಳಗೇ ಓಡಿ ಇನ್ನೂ ಬೇಗ ಸವೆಯುತ್ತದೆ. ಕಚ್ಚು ಬಿದ್ದಿದೆಯೋ, ಲೋಹ ಮೆತ್ತಿದೆಯೋ, ತುದಿ ಮುರಿದಿದೆಯೋ ಎಂದು ಸವೆತವನ್ನು ಓದಬಲ್ಲವನು ಮಾತ್ರ ಡಬ್ಬಿಯ ಮೇಲಿನ ಆ ಎರಡು ಮೂರು ಅಕ್ಷರಗಳ ಗುಟ್ಟಿನ ಮುಂದೆ ಸರಿಯಾದ ಪ್ರಶ್ನೆ ಕೇಳಬಲ್ಲ. ಹಾಗೆ ಓದುವ ಕಣ್ಣು ಹುಟ್ಟುವುದು ಒಮ್ಮೆಯಾದರೂ ಸ್ವಂತ ಕೈಯಿಂದ ರೇಕ್ ಕೊಟ್ಟು, ಚಿಪ್ಸ್ ಬಣ್ಣ ಬದಲಾದದ್ದನ್ನು ನೋಡಿದಾಗ.

ಈ ಕಲಿಕೆಗೆ ಜಾಗಗಳು ನಮ್ಮಲ್ಲಿವೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಇಂದು ಕರ್ನಾಟಕದ ಅನೇಕ ಊರುಗಳಲ್ಲಿದೆ. ಜರ್ಮನಿಯ ಸಹಕಾರದಲ್ಲಿ ಕಟ್ಟಿದ ಇಂಡೋ ಜರ್ಮನ್ ಟೂಲ್ ರೂಮ್ ಸಂಭಾಜಿನಗರದಲ್ಲಿದೆ. ಸಿನ್ನರಿನಂಥ ವಸಾಹತುಗಳಲ್ಲಿ ಸಾಣೆ ಪೂರ್ತಿ ನಿಂತೂ ಇಲ್ಲ. ಡಬ್ಬಿಯಲ್ಲಿ ಸಿಗದ ಆಕಾರದ ಫಾರ್ಮ್ ಟೂಲ್ ಬೇಕಾದಾಗ, ಹಿಂದೆ ಮಾಡಿದ ಹತ್ತು ಪೀಸಿನ ಆರ್ಡರ್ ಮತ್ತೆ ಬಂದಾಗ, ಸವೆದ ಡ್ರಿಲ್ಲಿಗೆ ಮರುಜೀವ ಕೊಡಬೇಕಾದಾಗ ಆ ಎರಡು ಕಲ್ಲಿನ ಯಂತ್ರ ತಿರುಗುತ್ತದೆ. 118 ಡಿಗ್ರಿಯ ಡ್ರಿಲ್ ತುದಿಯನ್ನು 135ಕ್ಕೆ ಚಪ್ಪಟೆಗೊಳಿಸಿ, ಕಲ್ಲಿನ ಮೂಲೆಗೆ ಹಿಡಿದು ನಡುವಿನ ಮೊಂಡು ಗೆರೆಯನ್ನು ಸೀಳುವ ಕೈಗಳು ಅಲ್ಲಿ ಇನ್ನೂ ಇವೆ. ಆ ಕೈಯ ಓರೆಯನ್ನು ಕೋನಮಾಪಕದಿಂದ ಅಳೆದು, ಯಾವ ಉಕ್ಕಿಗೆ ಎಷ್ಟು, ಎಷ್ಟು ತೂತು ಬಂತು ಎಂದು ಮರಾಠಿಯಲ್ಲೋ ಕನ್ನಡದಲ್ಲೋ ಬರೆದಿಡಲು ಬೇಕಾದದ್ದು ಒಂದು ನೋಟ್‌ಬುಕ್ಕು ಮತ್ತು ಪಕ್ಕದಲ್ಲಿ ಕೂತು ಕೇಳುವ ಒಬ್ಬ ವಿದ್ಯಾರ್ಥಿ.